ತಲೆಗೆ ಸಣ್ಣ ಕರೆಂಟ್ ಕೊಟ್ಟರೆ ಫಿಟ್ಸ್ ನಿಲ್ಲುತ್ತಾ?

ಪ್ರಶ್ನೆ: ನನ್ನ ತಮ್ಮನಿಗೆ 26 ವರ್ಷ. ಹತ್ತು ವರ್ಷದಿಂದ ಫಿಟ್ಸ್ ಇದೆ. ಮೂರು ಬಗೆಯ ಮಾತ್ರೆ ತೆಗೆದುಕೊಳ್ಳುತ್ತಾನೆ, ಆದರೂ ತಿಂಗಳಿಗೆ ನಾಲ್ಕೈದು ಸಲ ಬರುತ್ತದೆ. ಎಂಆರ್‌ಐ ಮಾಡಿಸಿದಾಗ ಎಡಗಡೆ ಹಿಪೊಕ್ಯಾಂಪಸ್ ಅನ್ನುವ ಮೆದುಳಿನ ಭಾಗ ಸುರುಟಿ ಗಟ್ಟಿಯಾಗಿದೆ ಅಂದರು, ಆಪರೇಷನ್‌ಗೆ ಪರೀಕ್ಷೆ ಮಾಡಿಸಿ ಅಂತಲೂ ಹೇಳಿದರು. ತಲೆ ತೆರೆಯುವುದು ಅಂದರೆ ಅಮ್ಮನಿಗೆ ಎದೆ ಒಡೆದ ಹಾಗಾಗುತ್ತದೆ. ಈಗ ತಲೆಯ ಮೇಲೆ ಟೋಪಿ ತರಹ ಹಾಕಿ ಸಣ್ಣ ಕರೆಂಟ್ ಕೊಡುವ ಚಿಕಿತ್ಸೆ ಬಂದಿದೆಯಂತೆ. ಅದು ಶಾಕ್ ಟ್ರೀಟ್‌ಮೆಂಟೇ ಅಲ್ವಾ? ಅದರಿಂದ ಫಿಟ್ಸ್ ನಿಲ್ಲುತ್ತಾ? ಯಂತ್ರ ಕೊಂಡು ಮನೆಯಲ್ಲೇ ಮಾಡಬಹುದಾ? ಮಾತ್ರೆ ಕಡಿಮೆ ಮಾಡಬಹುದಾ?

ಉತ್ತರ: ನಾಲ್ಕು ಪ್ರಶ್ನೆ ಕೇಳಿದ್ದೀರಿ. ಐದನೆಯದೊಂದು ಇವುಗಳ ನಡುವೆ ಅಡಗಿ ಕೂತಿದೆ. ಆಪರೇಷನ್‌ನ ಮಾತು ಬಂದಾಗ ಈ ಟೋಪಿಯನ್ನು ಹಿಡಿದುಕೊಂಡು ಅದರಿಂದ ತಪ್ಪಿಸಿಕೊಳ್ಳಬಹುದಾ ಅನ್ನುವುದೇ ಆ ಪ್ರಶ್ನೆ. ಅದಕ್ಕೆ ಆಮೇಲೆ ಬರುತ್ತೇನೆ.

ಶಾಕ್ ವಿಷಯ ಮೊದಲು ಮುಗಿಸೋಣ. ಅಲ್ಲ, ಇದು ಶಾಕ್ ಅಲ್ಲ. ಮನೋರೋಗಕ್ಕೆ ಕೊಡುವ ಶಾಕ್ ಚಿಕಿತ್ಸೆಯಲ್ಲಿ ಸುಮಾರು 800ರಿಂದ 900 ಮಿಲಿಆಂಪಿಯರ್ ಕರೆಂಟ್ ಹರಿಸುತ್ತಾರೆ. ರೋಗಿಗೆ ಅರಿವಳಿಕೆ ಕೊಟ್ಟು, ಬೇಕಂತಲೇ ಫಿಟ್ಸ್ ಬರಿಸುವುದೇ ಅಲ್ಲಿನ ಕೆಲಸ. ನೀವು ಕೇಳಿದ ಚಿಕಿತ್ಸೆಯಲ್ಲಿ ಕೊಡುವುದು 1 ಅಥವಾ 2 ಮಿಲಿಆಂಪಿಯರ್. ಅಂದರೆ ಶಾಕ್‌ನ ನಾನೂರನೇ ಒಂದು ಪಾಲು, ಇಲ್ಲವೇ ಅದಕ್ಕೂ ಕಡಿಮೆ. ವೈದ್ಯರು ಇದನ್ನು ಟಿಡಿಸಿಎಸ್ ಅನ್ನುತ್ತಾರೆ. ಉಪ್ಪುನೀರಿನಲ್ಲಿ ನೆನೆಸಿದ ಎರಡು ಸ್ಪಂಜನ್ನು ತಲೆಯ ಮೇಲೆ ಬೆಲ್ಟಿನಿಂದ ಬಿಗಿದು, ಬ್ಯಾಟರಿಯಿಂದ ಓಡುವ ಸಣ್ಣ ಪೆಟ್ಟಿಗೆಗೆ ತಂತಿ ಜೋಡಿಸಿ, ಇಪ್ಪತ್ತು ಮೂವತ್ತು ನಿಮಿಷ ಕೂರಿಸುತ್ತಾರೆ. ರೋಗಿ ಎಚ್ಚರವಾಗಿಯೇ ಇರುತ್ತಾನೆ, ಮಾತಾಡುತ್ತಾನೆ. ಮೊದಮೊದಲು ಚುಮುಚುಮು ಅನ್ನುತ್ತದೆ, ಸ್ವಲ್ಪ ಕಡಿತ ಬರುತ್ತದೆ, ಆಮೇಲೆ ಎಷ್ಟೋ ಜನರಿಗೆ ಏನೂ ಗೊತ್ತಾಗುವುದೇ ಇಲ್ಲ.

ಇಷ್ಟು ಕಡಿಮೆ ಕರೆಂಟ್ ಏನು ತಾನೇ ಮಾಡೀತು ಅಂತ ಕೇಳಬಹುದು. ಕೇಳಲೇಬೇಕಾದ ಪ್ರಶ್ನೆ ಅದು. ಮೆದುಳಿನ ನರಕೋಶದ ಒಳಗೂ ಹೊರಗೂ ಒಂದು ವೋಲ್ಟೇಜ್ ವ್ಯತ್ಯಾಸ ಇರುತ್ತದೆ, ಸುಮ್ನೆ ಇದ್ದಾಗ ಅದು ಸುಮಾರು ಮೈನಸ್ 70 ಮಿಲಿವೋಲ್ಟ್. ಅದು ಹದಿನೈದು ಮಿಲಿವೋಲ್ಟ್‌ನಷ್ಟು ಮೇಲೆ ಬಂದರೆ ಕೋಶ ಸಿಡಿಯುತ್ತದೆ, ಅಂದರೆ ಮುಂದಿನ ಕೋಶಕ್ಕೆ ಸುದ್ದಿ ಕಳಿಸುತ್ತದೆ. ಟಿಡಿಸಿಎಸ್‌ನ ಕರೆಂಟ್ ಕೋಶವನ್ನು ಅಷ್ಟು ದೂರ ತಳ್ಳಲಾರದು, ಒಂದು ಮಿಲಿವೋಲ್ಟ್‌ಗೂ ಕಡಿಮೆ ಅಲುಗಾಡಿಸುತ್ತದೆ, ಅಷ್ಟೇ. ಹಾಗಾಗಿ ಅದು ಕೋಶವನ್ನು ಸಿಡಿಸುವುದೂ ಇಲ್ಲ, ಬಾಯಿ ಮುಚ್ಚಿಸುವುದೂ ಇಲ್ಲ. ಸಿಡಿಯಬೇಕೋ ಬೇಡವೋ ಅನ್ನುವ ಅಂಚಿನಲ್ಲಿ ಇರುವ ಕೋಶಗಳನ್ನು ಒಂಚೂರು ಆಚೆಗೋ ಈಚೆಗೋ ವಾಲಿಸುತ್ತದೆ. ಸ್ಪಂಜಿನ ಕೆಳಗೆ ಪ್ಲಸ್ ತುದಿ, ಅಂದರೆ ಆನೋಡ್ ಇದ್ದರೆ ಅಲ್ಲಿನ ಮೆದುಳು ಸ್ವಲ್ಪ ಚುರುಕಾಗುತ್ತದೆ. ಮೈನಸ್ ತುದಿ, ಅಂದರೆ ಕ್ಯಾಥೋಡ್ ಇದ್ದರೆ ಸ್ವಲ್ಪ ತಣ್ಣಗಾಗುತ್ತದೆ. ಇದನ್ನು ಜೀವಂತ ಮನುಷ್ಯರ ಮೆದುಳಿನಲ್ಲಿ ಚೆನ್ನಾಗಿ ಅಳೆದು ತೋರಿಸಿದವರು ಜರ್ಮನಿಯ ಗೋಟಿಂಗನ್‌ನ ನಿಟ್ಷೆ ಮತ್ತು ಪೌಲುಸ್, 2000ನೇ ಇಸವಿಯಲ್ಲಿ. ಕರೆಂಟ್ ನಿಲ್ಲಿಸಿದ ಮೇಲೂ ಪರಿಣಾಮ ಸ್ವಲ್ಪ ಹೊತ್ತು ಉಳಿಯುತ್ತದೆ ಅನ್ನುವುದೇ ಎಲ್ಲರ ಕಿವಿ ನೆಟ್ಟಗಾಗಿಸಿದ್ದು.

ಫಿಟ್ಸ್ ಅಂದರೇನು? ಮೆದುಳಿನ ಒಂದು ಜಾಗದಲ್ಲಿ ನರಕೋಶಗಳು ಅಳತೆ ಮೀರಿ, ಎಲ್ಲವೂ ಒಟ್ಟೊಟ್ಟಿಗೆ ಸಿಡಿಯುವುದು. ಹಾಗಿದ್ದರೆ ಆ ಜಾಗದ ಮೇಲೆ ಕ್ಯಾಥೋಡ್ ಇಟ್ಟು ತಣ್ಣಗೆ ಮಾಡಿದರಾಯಿತಲ್ಲ? ಯೋಚನೆ ಇದೇ. ಕೇಳಲು ಎಷ್ಟು ಸಲೀಸು ನೋಡಿ.

ತೊಡಕು ಇರುವುದು ಕರೆಂಟ್ ಹೋಗುವ ದಾರಿಯಲ್ಲಿ. ನೆತ್ತಿಯ ಚರ್ಮದಲ್ಲಿ ಕರೆಂಟ್ ಸುಲಭವಾಗಿ ಹರಿಯುತ್ತದೆ, ತಲೆಬುರುಡೆಯ ಮೂಳೆ ಅದನ್ನು ತಡೆಯುತ್ತದೆ. ಹೀಗಾಗಿ ಹೆಚ್ಚಿನ ಪಾಲು ಒಳಗೆ ಇಳಿಯದೆ ಚರ್ಮದಲ್ಲೇ ಒಂದು ಸ್ಪಂಜಿನಿಂದ ಇನ್ನೊಂದಕ್ಕೆ ಹರಿದು ಹೋಗುತ್ತದೆ. 2018ರಲ್ಲಿ ಬುಜಾಕಿ ಮತ್ತು ಜೊತೆಗಾರರು ಮೃತದೇಹಗಳಲ್ಲಿ ಅಳೆದು ನೋಡಿದಾಗ ಸುಮಾರು ಮುಕ್ಕಾಲು ಪಾಲು ಹೊರಗೇ ಕಳೆದುಹೋಗುತ್ತದೆ ಅಂತ ಕಂಡಿತು. ಒಳಗೆ ಇಳಿದದ್ದೂ ಒಂದೇ ಕಡೆ ನಿಲ್ಲುವುದಿಲ್ಲ, ಹರಡಿಕೊಳ್ಳುತ್ತದೆ. ಇದರ ಮೇಲೆ ಮೆದುಳಿನ ಮಡಿಕೆಗಳ ಕಾಟ ಬೇರೆ. ಕ್ಯಾಥೋಡ್ ತಣ್ಣಗೆ ಮಾಡುತ್ತದೆ ಅಂದೆನಲ್ಲ, ಅದು ಕೋಶ ಯಾವ ದಿಕ್ಕಿಗೆ ನಿಂತಿದೆ ಅನ್ನುವುದರ ಮೇಲೆ ಹೋಗುತ್ತದೆ. ಮೆದುಳಿನ ಮೇಲ್ಪದರ ಸೀರೆಯ ನೆರಿಗೆಯ ಹಾಗೆ ಮಡಿಚಿಕೊಂಡಿದೆ. ಒಂದೇ ಮಡಿಕೆಯ ಈ ಗೋಡೆಯಲ್ಲಿ ಕೋಶಗಳು ಒಂದು ಕಡೆ ಮುಖ ಮಾಡಿದ್ದರೆ ಆ ಗೋಡೆಯಲ್ಲಿ ತಿರುಗಿ ನಿಂತಿರುತ್ತವೆ. ಅದೇ ಕರೆಂಟ್ ಒಂದನ್ನು ತಣಿಸಿದರೆ ಇನ್ನೊಂದನ್ನು ಕೆಣಕಬಹುದು. ಅದಕ್ಕೇ ಈಗಿನ ಸಂಶೋಧಕರು ಎರಡು ದೊಡ್ಡ ಸ್ಪಂಜು ಬಿಟ್ಟು, ರೋಗಿಯ ಎಂಆರ್‌ಐ ನೋಡಿ ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ, ಟೋಪಿಯಲ್ಲಿ ಅನೇಕ ಸಣ್ಣ ಎಲೆಕ್ಟ್ರೋಡ್ ಜೋಡಿಸುತ್ತಾರೆ. ನೀವು ಕೇಳಿದ ಟೋಪಿ ಬಹುಶಃ ಇದೇ.

ನಿಮ್ಮ ತಮ್ಮನ ವಿಷಯದಲ್ಲಿ ಇನ್ನೊಂದು ಮಾತು. ಹಿಪೊಕ್ಯಾಂಪಸ್ ಇರುವುದು ಕಿವಿಯ ಹತ್ತಿರದ ಟೆಂಪೊರಲ್ ಭಾಗದ ಒಳಮಗ್ಗುಲಲ್ಲಿ, ಆಳದಲ್ಲಿ. ನೆತ್ತಿಯ ಮೇಲಿಟ್ಟ ಸ್ಪಂಜಿಗೆ ಹತ್ತಿರ ಸಿಗುವುದು ಹೊರಮೈ, ಒಳಮಗ್ಗುಲು ಅಲ್ಲ. ಆದರೂ ಹೊರಮೈಯನ್ನು ತಣಿಸಿದರೆ ಅದರ ಜೊತೆ ಹೆಣೆದುಕೊಂಡಿರುವ ಆಳದ ಜಾಲವೂ ಸ್ವಲ್ಪ ಸುಮ್ಮನಾಗಬಹುದು ಅಂತ ನಂಬಿ ಪ್ರಯತ್ನ ಮಾಡಿದ್ದಾರೆ.

ಮಾಡಿ ಏನಾಯಿತು? ಎರಡು ಅಧ್ಯಯನ ಹೇಳುತ್ತೇನೆ, ಎರಡನ್ನೂ ನಿಧಾನವಾಗಿ ಓದಿ. ಮೊದಲನೆಯದು 2006ರದು, ಫ್ರೆಗ್ನಿ ಮತ್ತು ಜೊತೆಗಾರರದ್ದು. ಹುಟ್ಟಿನಿಂದಲೇ ಮೆದುಳಿನ ಪದರ ಸರಿಯಾಗಿ ಬೆಳೆಯದೆ, ಮಾತ್ರೆಗೆ ಬಗ್ಗದ ಫಿಟ್ಸ್ ಇದ್ದ 19 ಜನ. ಒಂದೇ ಸಲ, 20 ನಿಮಿಷ, 1 ಮಿಲಿಆಂಪಿಯರ್. ಮೆದುಳಿನ ವಿದ್ಯುತ್ ಅಲೆ ದಾಖಲಿಸುವ ಇಇಜಿಯಲ್ಲಿ ಕಾಣುವ ಫಿಟ್ಸ್‌ನ ಕಿಡಿಗಳು ನಿಜವಾದ ಕರೆಂಟ್ ಪಡೆದವರಲ್ಲಿ ಶೇ 64ರಷ್ಟು ಇಳಿದವು, ಕೊಟ್ಟ ಹಾಗೆ ಮಾಡಿ ಕೊಡದ ಸುಳ್ಳು ಕರೆಂಟ್ ಪಡೆದವರಲ್ಲಿ ಶೇ 6ರಷ್ಟು. ಆದರೆ ಮನೆಯವರು ಎಣಿಸುವುದು ಇಇಜಿ ಕಿಡಿಯನ್ನಲ್ಲ, ಫಿಟ್ಸನ್ನು. ಅದರಲ್ಲಿ ಇಳಿಕೆ ಕಂಡರೂ ಅದು ಆಕಸ್ಮಿಕ ಅಲ್ಲ ಅಂತ ಎದೆ ತಟ್ಟಿ ಹೇಳುವಷ್ಟು ಗಟ್ಟಿ ಇರಲಿಲ್ಲ.

ಎರಡನೆಯದು 2017ರದು, ಮೆಕ್ಸಿಕೋದ ಸ್ಯಾನ್ ಹ್ವಾನ್ ತಂಡದ್ದು. ಇದು ನಿಮ್ಮ ತಮ್ಮನ ಕಾಯಿಲೆಗೇ ಹತ್ತಿರ, ಹಿಪೊಕ್ಯಾಂಪಸ್ ಸುರುಟಿದ ಟೆಂಪೊರಲ್ ಫಿಟ್ಸ್ ಇದ್ದವರೇ ಅದರಲ್ಲಿದ್ದರು. ಒಟ್ಟು 28 ಜನ. ಕೆಲವರಿಗೆ ಮೂರು ದಿನ, ಕೆಲವರಿಗೆ ಐದು ದಿನ, ದಿನಕ್ಕೆ 30 ನಿಮಿಷ, 2 ಮಿಲಿಆಂಪಿಯರ್. ಎರಡು ತಿಂಗಳ ನಂತರ ಕರೆಂಟ್ ಪಡೆದವರಲ್ಲಿ ಫಿಟ್ಸ್ ಸರಾಸರಿ ಅರ್ಧಕ್ಕೆ ಹತ್ತಿರ ಇಳಿದಿತ್ತು, ಸುಳ್ಳು ಚಿಕಿತ್ಸೆಯವರಲ್ಲಿ ಅಷ್ಟಾಗಿ ಇಳಿದಿರಲಿಲ್ಲ. ಓದಿದರೆ ಖುಷಿಯಾಗುತ್ತದೆ, ಅಲ್ವಾ? ನನಗೂ ಆಯಿತು. ಆದರೆ ಸುಳ್ಳು ಚಿಕಿತ್ಸೆಯ ಗುಂಪಿನಲ್ಲಿ ಇದ್ದದ್ದು ಎಂಟೇ ಜನ. ಎಂಟು ಜನರಲ್ಲಿ ಇಬ್ಬರಿಗೆ ಆ ಎರಡು ತಿಂಗಳು ಕೆಟ್ಟದಾಗಿ ಹೋದರೆ ಇಡೀ ಲೆಕ್ಕವೇ ತಲೆಕೆಳಗಾಗುತ್ತದೆ.

ಈ ಸುಳ್ಳು ಕರೆಂಟ್ ಅನ್ನುವುದು ಮೋಸ ಅಲ್ಲ, ಅದಿಲ್ಲದೆ ಏನೂ ಗೊತ್ತಾಗುವುದಿಲ್ಲ. ಸ್ಪಂಜು ಕಟ್ಟಿ, ಅರ್ಧ ನಿಮಿಷ ಕರೆಂಟ್ ಕೊಟ್ಟು ಚುಮುಚುಮು ಅನ್ನಿಸಿ ನಿಲ್ಲಿಸಿಬಿಡುತ್ತಾರೆ. ತನಗೆ ಯಾವುದು ಸಿಕ್ಕಿದೆ ಅಂತ ರೋಗಿಗೆ ಸಾಮಾನ್ಯವಾಗಿ ತಿಳಿಯುವುದಿಲ್ಲ. ಯಾಕೆ ಬೇಕು ಇದು? ಫಿಟ್ಸ್ ತನ್ನಷ್ಟಕ್ಕೆ ಏರುತ್ತದೆ, ಇಳಿಯುತ್ತದೆ. ಜನ ಹೊಸ ಚಿಕಿತ್ಸೆ ಹುಡುಕಿಕೊಂಡು ಬರುವುದು ಫಿಟ್ಸ್ ಜಾಸ್ತಿಯಾದ ತಿಂಗಳಲ್ಲಿ. ಮುಂದಿನ ತಿಂಗಳು ಅದು ಏನೂ ಮಾಡದಿದ್ದರೂ ಇಳಿಯುವ ಸಾಧ್ಯತೆಯೇ ಹೆಚ್ಚು. ಆಗ ಕೀರ್ತಿ ಯಾರಿಗೆ ಹೋಗುತ್ತದೆ ಹೇಳಿ? ಆ ತಿಂಗಳು ಮಾಡಿದ ಚಿಕಿತ್ಸೆಗೆ. ಯಂತ್ರ ಆಗಲಿ, ಬೇರು ಆಗಲಿ, ಹರಕೆ ಆಗಲಿ. ಅದಕ್ಕೇ "ನಮ್ಮವರಿಗೆ ಇದರಿಂದ ವಾಸಿಯಾಯಿತು" ಅನ್ನುವ ಮಾತನ್ನು ನಾನು ಗೌರವದಿಂದ ಕೇಳುತ್ತೇನೆ, ಲೆಕ್ಕಕ್ಕೆ ಮಾತ್ರ ತೆಗೆದುಕೊಳ್ಳುವುದಿಲ್ಲ.

ಟೋಪಿಯಲ್ಲಿ ಅನೇಕ ಎಲೆಕ್ಟ್ರೋಡ್ ಇಟ್ಟು, ರೋಗಿಗೆ ತಕ್ಕಂತೆ ಲೆಕ್ಕ ಹಾಕಿ ಮಾಡಿದ ಆರಂಭದ ಪ್ರಯೋಗಗಳಲ್ಲೂ ಇಳಿಕೆ ಕಂಡಿದೆ. ಅವುಗಳಲ್ಲಿ ಕೆಲವಕ್ಕೆ ಹೋಲಿಕೆಯ ಗುಂಪೇ ಇರಲಿಲ್ಲ. ಒಟ್ಟಾರೆ ನನ್ನ ಅಭಿಪ್ರಾಯ ಇಷ್ಟು: ಏನೋ ಇದೆ, ಪೊಳ್ಳಲ್ಲ. ಆದರೆ ಯಾರಿಗೆ, ಎಷ್ಟು ದಿನ ಕೊಟ್ಟರೆ, ಎಷ್ಟು ತಿಂಗಳು ನಿಲ್ಲುತ್ತದೆ ಅನ್ನುವುದಕ್ಕೆ ಉತ್ತರ ಇನ್ನೂ ಸಿಕ್ಕಿಲ್ಲ. ನಿಮ್ಮ ಎರಡನೇ ಪ್ರಶ್ನೆಗೆ ನೇರ ಉತ್ತರ ಬೇಕಾದರೆ, ಫಿಟ್ಸ್ ಕಡಿಮೆಯಾಗಬಹುದು, ನಿಂತುಹೋಗುತ್ತದೆ ಅಂತ ಯಾರಾದರೂ ಮಾತು ಕೊಟ್ಟರೆ ನಂಬಬೇಡಿ.

ತಲೆ ತೆರೆಯದ ಬೇರೆ ದಾರಿಗಳೂ ಇವೆ, ಬೇಗ ಹೇಳಿಬಿಡುತ್ತೇನೆ. ಮೆದುಳಿನಿಂದ ಎದೆ, ಹೊಟ್ಟೆಗೆ ಇಳಿಯುವ ವೇಗಸ್ ನರದ ಒಂದು ಎಳೆ ಕಿವಿಯ ಒಳಮಡಿಕೆಯಲ್ಲಿ ಚರ್ಮಕ್ಕೆ ಬರುತ್ತದೆ, ಅಲ್ಲಿ ಕರೆಂಟ್ ಕೊಡುವ ಯಂತ್ರ ಇದೆ. 2016ರಲ್ಲಿ ಪ್ರಕಟವಾದ 76 ಜನರ ಪ್ರಯೋಗದಲ್ಲಿ ನಿಜವಾದ ಡೋಸು ಹೋಲಿಕೆಯ ಡೋಸಿಗಿಂತ ಮೇಲು ಅಂತ ಸಾಬೀತಾಗಲಿಲ್ಲ. ಹಣೆಗೆ ಪಟ್ಟಿ ಅಂಟಿಸಿ ಮುಖದ ಟ್ರೈಜೆಮಿನಲ್ ನರಕ್ಕೆ ಕೊಡುವುದು ಇನ್ನೊಂದು. 2013ರ 50 ಜನರ ಪ್ರಯೋಗದ ಕಥೆಯೂ ಹೆಚ್ಚುಕಡಿಮೆ ಅದೇ. ಇನ್ನು ಕರೆಂಟ್ ಬದಲು ಅಯಸ್ಕಾಂತದಿಂದ ಮಾಡುವ ಟಿಎಂಎಸ್. ಅದು ಮೂಳೆಯನ್ನು ಸುಲಭವಾಗಿ ದಾಟುತ್ತದೆ, ಆದರೆ ಫಿಟ್ಸ್ ವಿಷಯದಲ್ಲಿ ಅದರ ಫಲಿತಾಂಶಗಳೂ ಒಂದಕ್ಕೊಂದು ಹೊಂದುವುದಿಲ್ಲ. ಚರ್ಮದ ಕೆಳಗೆ, ಮೂಳೆಯ ಮೇಲೆ ಎಲೆಕ್ಟ್ರೋಡ್ ಹಾಸುವ ಒಂದು ಸಾಧನ ಯುರೋಪಿನಲ್ಲಿ 2022ರಲ್ಲಿ ಒಪ್ಪಿಗೆ ಪಡೆದಿದೆ. ಅದಕ್ಕೆ ಸಣ್ಣ ಆಪರೇಷನ್ ಬೇಕು, ಆದರೆ ತಲೆಬುರುಡೆ ತೆರೆಯಬೇಕಿಲ್ಲ. ಚರ್ಮದಲ್ಲೇ ಸೋರಿಹೋಗುವ ಕರೆಂಟಿನ ತಲೆನೋವಿಗೆ ಅದು ಜಾಣ ಉಪಾಯ ಅಂತ ನನಗೆ ಅನ್ನಿಸುತ್ತದೆ.

ಈಗ ಆ ಐದನೇ ಪ್ರಶ್ನೆ. 2000ನೇ ಇಸವಿಯಲ್ಲಿ ಗ್ಲಾಸ್ಗೋದ ಕ್ವಾನ್ ಮತ್ತು ಬ್ರೋಡಿ ಒಂದು ಲೆಕ್ಕ ಕೊಟ್ಟರು. ಹೊಸದಾಗಿ ಮಾತ್ರೆ ಶುರು ಮಾಡಿದವರಲ್ಲಿ ಶೇ 47 ಜನಕ್ಕೆ ಮೊದಲ ಮಾತ್ರೆಯಲ್ಲೇ ಫಿಟ್ಸ್ ನಿಂತಿತು. ಎರಡನೆಯದಕ್ಕೆ ಇನ್ನು ಶೇ 13. ಅಲ್ಲಿಂದಾಚೆ ಎಷ್ಟು ಮಾತ್ರೆ ಬದಲಿಸಿದರೂ ಸಿಗುವುದು ಒಂದು ಕೈಯ ಬೆರಳಲ್ಲಿ ಎಣಿಸುವಷ್ಟು ಶೇಕಡಾ ಮಾತ್ರ. ಅದಕ್ಕೇ ಸರಿಯಾಗಿ ಆರಿಸಿ, ಸರಿಯಾದ ಡೋಸಿನಲ್ಲಿ ಕೊಟ್ಟ ಎರಡು ಮಾತ್ರೆ ಸೋತರೆ ಅದನ್ನು ಮಾತ್ರೆಗೆ ಬಗ್ಗದ ಫಿಟ್ಸ್ ಅನ್ನುತ್ತಾರೆ. ನಿಮ್ಮ ತಮ್ಮ ಮೂರನೆಯದರಲ್ಲಿ ಇದ್ದಾನೆ. ಮತ್ತು ಅವನಿಗಿರುವುದು ಆಪರೇಷನ್‌ಗೆ ಚೆನ್ನಾಗಿ ಬಗ್ಗುವ ಜಾತಿಯ ಫಿಟ್ಸ್. 2001ರಲ್ಲಿ ಕೆನಡಾದ ವೀಬ್ ತಂಡ ಟೆಂಪೊರಲ್ ಫಿಟ್ಸ್ ಇದ್ದ 80 ಜನರನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿತು. ಒಂದು ವರ್ಷದ ಕೊನೆಗೆ, ಅರಿವು ತಪ್ಪಿಸುವ ಫಿಟ್ಸ್ ಇಲ್ಲದೆ ಇದ್ದವರು ಆಪರೇಷನ್ ಗುಂಪಿನಲ್ಲಿ ಶೇ 58, ಬರೀ ಮಾತ್ರೆಯ ಗುಂಪಿನಲ್ಲಿ ಶೇ 8. ಇದನ್ನು ಮೇಲಿನ ಎಂಟು ಜನರ ಗುಂಪಿನ ಪಕ್ಕ ಇಟ್ಟು ನೋಡಿ. ಅಲ್ಲಿ ಕೇಳುತ್ತಿದ್ದದ್ದು ಎಷ್ಟು ಕಡಿಮೆಯಾಯಿತು ಅಂತ, ಇಲ್ಲಿ ಕೇಳಿದ್ದು ಎಷ್ಟು ಜನಕ್ಕೆ ನಿಂತಿತು ಅಂತ.

ಆಪರೇಷನ್ ಹೂವಿನ ಹಾಸಿಗೆ ಅಂತ ನಾನು ಹೇಳುತ್ತಿಲ್ಲ. ಎಡಗಡೆ ಅನ್ನುವುದು ಮುಖ್ಯ ವಿಷಯ. ಹೆಚ್ಚಿನ ಜನರಲ್ಲಿ ಮಾತು ಇರುವುದು ಎಡ ಮೆದುಳಿನಲ್ಲಿ, ಹೆಸರು, ಪದ ನೆನಪಿಡುವ ಕೆಲಸವೂ ಎಡ ಹಿಪೊಕ್ಯಾಂಪಸ್‌ನದ್ದು. ತೆಗೆದ ಮೇಲೆ ಪದಗಳ ನೆನಪು ಕುಂದಬಹುದು. ಆದರೆ ಹಿಪೊಕ್ಯಾಂಪಸ್ ಈಗಾಗಲೇ ಸುರುಟಿದ್ದರೆ ಅದು ಮಾಡುತ್ತಿದ್ದ ಕೆಲಸವೇ ಕಡಿಮೆ, ಹಾಗಾಗಿ ಕಳೆದುಕೊಳ್ಳುವುದೂ ಕಡಿಮೆ ಇರುತ್ತದೆ. ಇದನ್ನೆಲ್ಲ ಊಹೆಯಲ್ಲಿ ಬಿಡುವುದಿಲ್ಲ. ಕೆಲವು ದಿನ ವಿಡಿಯೊ ಇಇಜಿಯಲ್ಲಿ ಮಲಗಿಸಿ ಫಿಟ್ಸ್ ಹುಟ್ಟುವ ಜಾಗ ಹಿಡಿಯುತ್ತಾರೆ, ನೆನಪಿನ ಪರೀಕ್ಷೆ ಮಾಡುತ್ತಾರೆ, ಮಾತು ಯಾವ ಕಡೆ ಇದೆ ಅಂತ ನೋಡುತ್ತಾರೆ. ಅಮ್ಮನಿಗೆ ಇದನ್ನು ಹೇಳಿ: ಪರೀಕ್ಷೆಗೆ ಒಪ್ಪುವುದು ಅಂದರೆ ಆಪರೇಷನ್‌ಗೆ ಒಪ್ಪಿದ ಹಾಗಲ್ಲ. ಪರೀಕ್ಷೆ ಮುಗಿದ ಮೇಲೆ ಬೇಡ ಅನ್ನುವ ಹಕ್ಕು ನಿಮ್ಮ ತಮ್ಮನಿಗೆ ಇದ್ದೇ ಇರುತ್ತದೆ. ಆಪರೇಷನ್‌ಗೆ ತಕ್ಕವನಲ್ಲ ಅಂತ ವೈದ್ಯರೇ ಹೇಳಲೂಬಹುದು. ಆಗ ಎದೆಯ ಚರ್ಮದ ಕೆಳಗೆ ಕೂರಿಸುವ ವೇಗಸ್ ನರದ ಯಂತ್ರ, ಮೆದುಳಿನ ಆಳದ ಎಲೆಕ್ಟ್ರೋಡ್‌ನಂತಹ ದಾರಿಗಳು ಇವೆ. ವೇಗಸ್ ಯಂತ್ರಕ್ಕೆ ಅಮೆರಿಕದಲ್ಲಿ 1997ರಲ್ಲೇ ಒಪ್ಪಿಗೆ ಸಿಕ್ಕಿದೆ. ಟಿಡಿಸಿಎಸ್‌ನ ಪ್ರಯೋಗಕ್ಕೆ ಸೇರುವ ಯೋಚನೆಗೂ ನಿಜವಾದ ಜಾಗ ಅಲ್ಲಿಯೇ, ಈ ಪರೀಕ್ಷೆ ಆದ ಮೇಲೆ. ಪರೀಕ್ಷೆಗೆ ಕಾಯುತ್ತಾ ಇರುವಾಗಲೇ ಆಸ್ಪತ್ರೆಯಲ್ಲಿ ಅಂಥ ಪ್ರಯೋಗ ನಡೆಯುತ್ತಿದ್ದರೆ ಸೇರಿದರೂ ತಪ್ಪಿಲ್ಲ, ಅದರ ನೆಪದಲ್ಲಿ ಪರೀಕ್ಷೆ ಮುಂದಕ್ಕೆ ಹೋಗಬಾರದು ಅಷ್ಟೇ. ತಿಂಗಳಿಗೆ ನಾಲ್ಕೈದು ಅಂದರೆ ವರ್ಷಕ್ಕೆ ಐವತ್ತು ಫಿಟ್ಸ್. ಒಂದೊಂದರಲ್ಲೂ ಬೀಳುವ, ನೀರಿನಲ್ಲಿ ಮುಳುಗುವ ಅಪಾಯ ಇದೆ. ನಿದ್ದೆಯಲ್ಲಿ ಫಿಟ್ಸ್ ಬಂದು ಹಠಾತ್ ಜೀವ ಹೋಗುವುದೂ ಉಂಟು, ಅಪರೂಪ ಆದರೂ ಉಂಟು. ಸುಮ್ನೆ ಕಾಯುವುದಕ್ಕೆ ಅಪಾಯ ಇಲ್ಲ ಅಂತ ಮನೆಯವರು ಅಂದುಕೊಂಡಿರುತ್ತಾರೆ, ಅಲ್ಲೇ ಲೆಕ್ಕ ತಪ್ಪುವುದು.

ಮನೆಯಲ್ಲಿ ಯಂತ್ರ ಕೊಂಡು ಮಾಡಬಹುದಾ? ಬೇಡ. ಕರೆಂಟ್ ಅಪಾಯಕಾರಿ ಅನ್ನುವ ಕಾರಣಕ್ಕಲ್ಲ. 2016ರಲ್ಲಿ ಬಿಕ್ಸನ್ ಮತ್ತು ಜೊತೆಗಾರರು ಸಾವಿರಕ್ಕೂ ಹೆಚ್ಚು ಜನರಲ್ಲಿ ನಡೆದ 33,200ಕ್ಕೂ ಹೆಚ್ಚು ಸಲದ ಲೆಕ್ಕ ತೆಗೆದಾಗ ಟಿಡಿಸಿಎಸ್‌ನಿಂದ ಗಂಭೀರ ತೊಂದರೆ ಒಂದೂ ಕಂಡಿರಲಿಲ್ಲ. ಆದರೆ ಅವೆಲ್ಲ ಸಂಶೋಧಕರ ಕೈಯಲ್ಲಿ, ಅಳತೆ ಮೀರದೆ ಕೊಟ್ಟದ್ದು. ಮನೆಯಲ್ಲಿ ಸ್ಪಂಜು ಒಣಗಿದರೆ ಚರ್ಮ ಸುಡುತ್ತದೆ, ಅದು ಸಣ್ಣ ವಿಷಯ. ದೊಡ್ಡ ವಿಷಯ ಬೇರೆ. ಪ್ಲಸ್ಸು ಮೈನಸ್ಸು ಅದಲುಬದಲಾದರೆ ತಣಿಸಬೇಕಾದ ಜಾಗವನ್ನೇ ನೀವು ಕೆಣಕುತ್ತೀರಿ. ಮಾರಾಟಕ್ಕೆ ಸಿಗುವ ಯಂತ್ರಗಳಲ್ಲಿ ಹೆಚ್ಚಿನವು ಚುರುಕುತನ, ಗಮನ, ಮನಸ್ಸಿನ ಲವಲವಿಕೆ ಅಂತ ಹೇಳಿಕೊಂಡು ಬರುವಂಥವು. ಅವುಗಳ ಜೊತೆ ಬರುವ ಚಿತ್ರದಲ್ಲಿ ತೋರಿಸಿದ ಜಾಗ ನಿಮ್ಮ ತಮ್ಮನ ಫಿಟ್ಸ್ ಹುಟ್ಟುವ ಜಾಗ ಅಲ್ಲವೇ ಅಲ್ಲ. ಮೊದಲೇ ತಲೆಯ ಆಪರೇಷನ್ ಆಗಿದ್ದವರಿಗೆ ಇನ್ನೂ ಕಷ್ಟ. ಮೂಳೆಯಲ್ಲಿ ತೂತು ಇದ್ದರೆ ಕರೆಂಟ್ ಅಲ್ಲಿಂದಲೇ ನುಗ್ಗುತ್ತದೆ, ಲೆಕ್ಕವೆಲ್ಲ ಬದಲಾಗುತ್ತದೆ. ತಲೆಯಲ್ಲಿ ಲೋಹದ ಕ್ಲಿಪ್ಪೋ ಯಂತ್ರವೋ ಇದ್ದರೆ ಕೇಳುವುದೇ ಬೇಡ.

ಪ್ರಯೋಗಕ್ಕೆ ಸೇರುವಿರಾದರೆ ಇಷ್ಟು ವಿಚಾರಿಸಿ. ಹೋಲಿಕೆಯ ಗುಂಪು ಇದೆಯಾ, ನೈತಿಕ ಸಮಿತಿಯ ಒಪ್ಪಿಗೆ ಪಡೆದಿದ್ದಾರಾ, ಎಲೆಕ್ಟ್ರೋಡ್ ಎಲ್ಲಿ ಇಡಬೇಕು ಅಂತ ಅವನ ಇಇಜಿ ಎಂಆರ್‌ಐ ನೋಡಿ ನಿರ್ಧರಿಸುತ್ತಾರಾ ಅಥವಾ ಎಲ್ಲರಿಗೂ ಒಂದೇ ಜಾಗವಾ, ಮುಗಿದ ಮೇಲೆ ಎಷ್ಟು ತಿಂಗಳು ಫಿಟ್ಸ್ ಎಣಿಸುತ್ತಾರೆ. ಪ್ರಯೋಗಕ್ಕೆ ಸೇರಲು ನಿಮ್ಮಿಂದಲೇ ದೊಡ್ಡ ದುಡ್ಡು ಕೇಳಿದರೆ ಅಲ್ಲಿಂದ ಎದ್ದು ಬನ್ನಿ. ಮತ್ತು ಈಗಿನಿಂದಲೇ ಒಂದು ಡೈರಿ ಇಡಿ. ತಾರೀಖು, ಹೊತ್ತು, ಎಷ್ಟು ಹೊತ್ತು ಇತ್ತು, ಹಿಂದಿನ ರಾತ್ರಿ ನಿದ್ದೆ, ಮಾತ್ರೆ ತಪ್ಪಿತ್ತಾ. ಫೋನಿನಲ್ಲಿ ಒಂದೆರಡು ಫಿಟ್ಸ್ ವಿಡಿಯೊ ಮಾಡಿಕೊಂಡರೆ ನಿಮ್ಮ ನ್ಯೂರಾಲಜಿಸ್ಟ್‌ಗೆ ಅದು ಎಷ್ಟೋ ಮಾತಿಗೆ ಸಮ. ಮೂರು ತಿಂಗಳ ಡೈರಿ ಇಲ್ಲದೆ ಯಾವ ಚಿಕಿತ್ಸೆ ಶುರು ಮಾಡಿದರೂ ಅದು ಕೆಲಸ ಮಾಡಿತಾ ಇಲ್ಲವಾ ಅಂತ ನಿಮಗೇ ಗೊತ್ತಾಗುವುದಿಲ್ಲ.

ಕೊನೆಯದು ಮಾತ್ರೆ. ಕಡಿಮೆ ಮಾಡಬೇಡಿ. ಮೇಲೆ ಹೇಳಿದ ಎರಡೂ ಅಧ್ಯಯನದ ಜನ ಮಾತ್ರೆಗೆ ಬಗ್ಗದ ಫಿಟ್ಸ್‌ನವರೇ, ಕರೆಂಟ್ ಅನ್ನು ನೋಡಿದ್ದು ಮಾತ್ರೆಯ ಜೊತೆಗೆ, ಮಾತ್ರೆಯ ಬದಲಿಗೆ ಅಲ್ಲ. ಇನ್ನೊಂದು ಸಂಗತಿ, ಮಾತ್ರೆ ಮತ್ತು ಕರೆಂಟ್ ಒಂದನ್ನೊಂದು ಮುಟ್ಟುತ್ತವೆ. ಫಿಟ್ಸ್‌ಗೆ ಕೊಡುವ ಕಾರ್ಬಮಜೆಪೀನ್ ಮಾತ್ರೆ ತೆಗೆದುಕೊಂಡವರಲ್ಲಿ ಆನೋಡ್‌ನ ಪರಿಣಾಮ ಅಳಿಸಿಹೋಗುತ್ತದೆ ಅಂತ 2002ರಲ್ಲೇ ಗೋಟಿಂಗನ್ ತಂಡ ತೋರಿಸಿತ್ತು. ಪ್ರಯೋಗದ ನಡುವೆ ನೀವು ಮಾತ್ರೆ ಬದಲಿಸಿದರೆ ಅವರ ಲೆಕ್ಕವೂ ಹಾಳು, ನಿಮ್ಮ ತಮ್ಮನಿಗೂ ಅಪಾಯ. ಮಾತ್ರೆ ಇದ್ದಕ್ಕಿದ್ದಂತೆ ಬಿಟ್ಟರೆ ಫಿಟ್ಸ್ ಒಂದರ ಮೇಲೊಂದು ಬಂದು ನಿಲ್ಲದೇ ಹೋಗಬಹುದು. ಕೈಕಾಲು ಸೆಳೆಯುವ ಫಿಟ್ಸ್ ಐದು ನಿಮಿಷ ದಾಟಿದರೆ, ಅಥವಾ ಒಂದು ಮುಗಿದು ಪ್ರಜ್ಞೆ ಬರುವ ಮೊದಲೇ ಇನ್ನೊಂದು ಶುರುವಾದರೆ, ಯಾವುದಕ್ಕೂ ಕಾಯದೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ.